ಕರೆಂಟು ಹೋದಾಗಲೂ ಅಮ್ಮನ ಫೋನ್ ರಿಂಗ್ ಆಗಬೇಕು: ನಮ್ಮ ಮನೆ ಫೈಬರ್ ಕೆಲಸ, ಇಲ್ಲಿವರೆಗೆ

ಕೊಟ್ಟಿಗೆಹಾರದ ಹತ್ತಿರದ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕಂದರೆ ಕಾಫಿ ಕಣದ ತುದಿಗೆ ಹೋಗಿ ನಿಲ್ಲಬೇಕು. ಹಾಗಾಗಿ ಅಮ್ಮನಿಗೆ ಲ್ಯಾಂಡ್‌ಲೈನೇ ಎಲ್ಲ. ಮೈಸೂರಿನಲ್ಲಿರುವ ಅಕ್ಕ ದಿನಾ ಸಂಜೆ ಏಳಕ್ಕೆ ಅದಕ್ಕೇ ಮಾಡುತ್ತಾಳೆ. ಮೇ ತಿಂಗಳಲ್ಲಿ ತಾಮ್ರದ ಲೈನ್ ತೆಗೆಸಿ ಫೈಬರ್, ಅಂದರೆ ಬೆಳಕು ಹರಿಯುವ ಗಾಜಿನ ಎಳೆ, ಹಾಕಿಸಿದೆವು. ನಂಬರ್ ಅದೇ ಇರುತ್ತೆ, ಫೋನೂ ಅದೇ ನಡೆಯುತ್ತೆ ಅಂದಿದ್ದರು.

ಮೇ 24

ನೆಟ್ ಬಂತು, ಚೆನ್ನಾಗಿದೆ. ಫೋನ್ ಮಾತ್ರ ಸತ್ತಿದೆ. ಫೈಬರ್ ಬಂದು ಸೇರುವ, ನೆಟ್ಟೂ ಫೋನೂ ಕೊಡುವ ಹೊಸ ಪೆಟ್ಟಿಗೆಯ ಮೇಲೆ ಫೋನ್ ಲೈಟೇ ಹತ್ತಿಲ್ಲ. ಎರಡೂ ಒಂದೇ ಎಳೆಯಲ್ಲಿ ಬಂದರೂ ನಂಬರನ್ನು ಕಂಪನಿಯವರು ತಮ್ಮ ಕಡೆಯಿಂದ ಪೆಟ್ಟಿಗೆಗೆ ಬೇರೆಯಾಗಿ ಸೇರಿಸಬೇಕು. ಹಳೆ ಎಕ್ಸ್‌ಚೇಂಜ್‌ನಿಂದ ತೆಗೆದಿದ್ದಾರೆ, ಹೊಸದಕ್ಕೆ ಹಾಕಿಲ್ಲ. ದೂರು ಕೊಟ್ಟೆ. ಮರುದಿನ ‘ಸರಿಪಡಿಸಲಾಗಿದೆ’ ಅಂತ ಮೆಸೇಜ್ ಬಂತು, ಆದರೆ ಯಾರೂ ಬಂದಿರಲಿಲ್ಲ, ಲೈಟೂ ಹತ್ತಿರಲಿಲ್ಲ. ಹೀಗೇ ಆರು ದಿನ. ಅಕ್ಕ ಗಾಬರಿಯಾಗಿ ಪಕ್ಕದ ತೋಟದವರಿಗೆ ಫೋನ್ ಮಾಡಿ ‘ಅಮ್ಮ ಹುಷಾರಾಗಿದ್ದಾರಾ’ ಅಂತ ವಿಚಾರಿಸಿದಳಂತೆ. ಅದನ್ನು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು.

ಮೇ 31

ಫೋನ್ ಬಂತು, ಅರ್ಧ. ಹೊರಗಿನ ಕಾಲ್ ಬರುತ್ತದೆ, ಇಲ್ಲಿಂದ ಹೋಗುವುದಿಲ್ಲ. ನಂಬರ್ ಒತ್ತಿದರೂ ಡಯಲ್ ಟೋನ್ ಹಾಗೇ ಗುಂಯ್ ಅನ್ನುತ್ತಿರುತ್ತದೆ. ಸಹಾಯವಾಣಿಯವರು ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ ಅಂದರು, ನಾಲ್ಕು ಸಲ ಮಾಡಿದೆ. ಕೊನೆಗೆ ಫೋನನ್ನೇ ಮಗುಚಿ ನೋಡಿದೆ. ತಳದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್, ಒಂದು ಕಡೆ ಪಿ, ಇನ್ನೊಂದು ಕಡೆ ಟಿ. ಪಲ್ಸ್, ಟೋನ್: ಒತ್ತಿದ ನಂಬರನ್ನು ಲೈನಿಗೆ ಕಳಿಸುವ ಎರಡು ರೀತಿ. ಹಳೆ ಎಕ್ಸ್‌ಚೇಂಜ್‌ಗೆ ಎರಡೂ ಅರ್ಥವಾಗುತ್ತಿತ್ತು, ಈ ಪೆಟ್ಟಿಗೆಗೆ ಪಲ್ಸ್ ಗೊತ್ತಿಲ್ಲ. ಪಿನ್ನಿನ ತುದಿಯಿಂದ ಟಿ ಕಡೆಗೆ ತಳ್ಳಿದೆ, ಕಾಲ್ ಹೋಯಿತು. ನಿಮ್ಮ ಮನೆಯಲ್ಲೂ ಹಳೆ ಫೋನ್ ಇದ್ದರೆ ಮೊದಲು ಇದನ್ನೇ ನೋಡಿ.

ಜೂನ್ 7

ಮಳೆ ಶುರು, ಕರೆಂಟು ಹೋಯಿತು, ಜೊತೆಗೆ ಫೋನೂ ಹೋಯಿತು. ಫೈಬರ್ ಹಾಕಿಸುವಾಗ ಒಬ್ಬರೂ ಹೇಳದ ಮಾತು ಇದು, ನಾನೂ ಕೇಳಲಿಲ್ಲ. ಹಳೆ ಲೈನ್ ತೆಗೆಯುವ ಹಿಂದಿನ ದಿನ ಫೋನ್ ತಂತಿ ಬಂದು ಸೇರುವ ಗೋಡೆಯ ರೋಸೆಟ್ ಬಾಕ್ಸ್ ಬಿಚ್ಚಿ ಸುಮ್ನೆ ಮೀಟರ್ ಹಿಡಿದಿದ್ದೆ. ಮನೆಯಲ್ಲಿ ಆಗ ಕರೆಂಟ್ ಇರಲಿಲ್ಲ, ಆದರೂ ಮೀಟರ್ 49 ವೋಲ್ಟ್ ತೋರಿಸಿತು. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ಅಷ್ಟು ದೂರ ತಂತಿಯಲ್ಲಿ ಬರುತ್ತಿತ್ತು. ಎಂಥ ಮಳೆಗಾಲದಲ್ಲೂ, ತಂತಿ ತುಂಡಾಗದಿದ್ದರೆ, ಆ ಫೋನ್ ಬದುಕಿರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಪೆಟ್ಟಿಗೆಗೆ ನಾವೇ ಕೊಡಬೇಕು.

ಫೈಬರ್ ಬೇಡ ಅಂತ ನಾನು ಹೇಳುತ್ತಿಲ್ಲ. ತಾಮ್ರದ ಲೈನಿನಲ್ಲಿ ಸಿಡಿಲು ನುಗ್ಗಿ ನಮ್ಮಲ್ಲಿ ಎರಡು ಮೋಡೆಮ್ ಸುಟ್ಟಿವೆ. ಗಾಜಿನಲ್ಲಿ ಆ ಕಾಟ ಇಲ್ಲ.

ಜೂನ್ 12

ಮನೆಯಲ್ಲಿ ಯುಪಿಎಸ್ ಇದೆಯಲ್ಲ, ಅದಕ್ಕೇ ಹಾಕಬಹುದಲ್ವಾ ಅಂತ ಭಾವ ಕೇಳಿದರು. ಹಾಕಬಹುದು. ಆದರೆ ನಮ್ಮ ಕಡೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ, ಲೈಟು ಟಿವಿ ಎಲ್ಲ ಸೇರಿ ಯುಪಿಎಸ್ ಮೊದಲ ರಾತ್ರಿಯೇ ಮಲಗುತ್ತದೆ. ಫೋನಿಗೆ ಅದರದೇ ಬ್ಯಾಟರಿ ಇರಬೇಕು.

ಪೆಟ್ಟಿಗೆಯ ಅಡಾಪ್ಟರ್ 12 ವೋಲ್ಟ್, 1 ಆಂಪಿಯರ್. ಅಳೆದರೆ ನಿಜವಾಗಿ ಎಳೆಯುವುದು 0.6, ಅಂದರೆ ಸುಮಾರು 7 ವ್ಯಾಟ್. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ತಂದೆ, ಲೆಕ್ಕದಲ್ಲಿ 84 ವ್ಯಾಟ್-ಅವರ್, 12 ಗಂಟೆ. ಪೂರ್ತಿ ಖಾಲಿ ಮಾಡಿದರೆ ಈ ಬ್ಯಾಟರಿ ಬೇಗ ಹಾಳಾಗುತ್ತದೆ, ಹಾಗಾಗಿ ಮೊದಲೇ ನಿಲ್ಲಿಸುವ ಸಣ್ಣ ಬೋರ್ಡ್ ಒಂದು ಬೇಕು. ಚಾರ್ಜ್ ಆಗುವಾಗ ವೋಲ್ಟೇಜ್ 13.8ರ ಹತ್ತಿರ ಏರುತ್ತದೆ, ಖಾಲಿಯಾಗುತ್ತ 11ಕ್ಕೆ ಇಳಿಯುತ್ತದೆ. ನೇರ ಕೊಡಲು ಧೈರ್ಯ ಬರಲಿಲ್ಲ, ನಡುವೆ ಒಂದೇ ಸಮ 12 ವೋಲ್ಟ್ ಕೊಡುವ ಕನ್ವರ್ಟರ್ ಹಾಕಿದೆ. ರಾತ್ರಿ ಒಂಬತ್ತಕ್ಕೆ ಪ್ಲಗ್ ಕಿತ್ತೆ. ಬೆಳಗ್ಗೆ ಐದೂ ಮುಕ್ಕಾಲರವರೆಗೆ ನಡೆಯಿತು.

ಜೂನ್ 15

ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು. ಏಳಕ್ಕೆ ಅಕ್ಕನ ಫೋನ್ ಬಂತು. ಅಮ್ಮ ದೀಪದ ಬೆಳಕಲ್ಲಿ ಕೂತು ಅರ್ಧ ಗಂಟೆ ಮಾತಾಡಿದರು. ನನಗಾದ ಖುಷಿ ಅಷ್ಟಿಷ್ಟಲ್ಲ.

ಜೂನ್ 21

ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಮಿಣುಕುತ್ತಿದೆ, ಅಂದರೆ ಬೆಳಕು ಬರುತ್ತಿಲ್ಲ ಅಥವಾ ಸಾಲುತ್ತಿಲ್ಲ. ಬಂದ ಹುಡುಗ ಕೆಲಸ ಬಲ್ಲವನು. ಬೆಳಕಿನ ಬಲ ಅಳೆಯುವ ಮೀಟರ್ ಹಾಕಿದ, ಮೈನಸ್ 29 ಡಿಬಿಎಂ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಈ ಪೆಟ್ಟಿಗೆಗಳಿಗೆ ಮೈನಸ್ 27ಕ್ಕಿಂತ ಕೆಳಗೆ ಹೋದರೆ ಕಷ್ಟ. ಕೇಬಲನ್ನೇ ಹಿಡಿದು ಬಂದು ಕಿಟಕಿಯ ಹತ್ತಿರ ನಿಂತ. ಗಾಳಿಗೆ ಜಗ್ಗಿ, ಕ್ಲಿಪ್ ಇದ್ದಲ್ಲಿ ಕೇಬಲ್ ಮೊಣಕೈ ಮಡಚಿದ ಹಾಗೆ ಬಗ್ಗಿತ್ತು. ಬಾಗಿದ ಕಡೆ ಬೆಳಕು ಸೋರಿ ಹೋಗುತ್ತದಂತೆ. ಕ್ಲಿಪ್ ಕಿತ್ತು, ತಟ್ಟೆಯಷ್ಟು ಅಗಲದ ಸುತ್ತು ಕೊಟ್ಟು ಕಟ್ಟಿದ. ಮೈನಸ್ 22. ಆ 7 ಡಿಬಿ ಅಂದರೆ ಐದು ಪಟ್ಟು ಬೆಳಕು. ಕಾಫಿ ಕುಡಿಸಿ ಕಳಿಸಿದೆವು.

ಜೂನ್ 28

ಮತ್ತೆ ಕೆಂಪು ಲೈಟ್. ಕೇಬಲ್ ಸರಿಯಿದೆ, ಬ್ಯಾಟರಿ ತುಂಬಿದೆ. ಅದೇ ಹುಡುಗನಿಗೆ ಕಣದ ತುದಿಯಿಂದ ಫೋನ್ ಮಾಡಿದೆ. ‘ಅಣ್ಣ, ನಮ್ಮ ಕಡೆ ಮಿಷನ್ನೇ ಆಫ್ ಆಗಿದೆ, ಬೆಳಗ್ಗಿಂದ ಕರೆಂಟಿಲ್ಲ, ಬ್ಯಾಟರಿ ಖಾಲಿ’ ಅಂದ. ದಾರಿಯಲ್ಲಿ ಕಂಬದ ಮೇಲಿರುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಅದು ಬೆಳಕನ್ನು ಹಂಚುತ್ತದೆ ಅಷ್ಟೆ. ಆದರೆ ಎರಡು ತುದಿಗೂ ಕರೆಂಟ್ ಬೇಕು. ಈ ತುದಿಗೆ ನಾನು ಮಾಡಿದ್ದೇನೆ. ಆ ತುದಿಗೆ ಅವರೇ ಮಾಡಬೇಕು, ಲ್ಯಾಂಡ್‌ಲೈನ್ ಅಂತ ಬಾಡಿಗೆ ತಗೊಂಡ ಮೇಲೆ ಅದು ಅವರ ಕೆಲಸ. ಅಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಜನರೇಟರ್ ಇದೆಯಾ ಅಂತ ಬರೆದು ದೂರು ಹಾಕಿದ್ದೇನೆ. ಅಕ್ಕಪಕ್ಕದ ನಾಲ್ಕು ಮನೆಯವರೂ ಸಹಿ ಹಾಕಿದ್ದಾರೆ. ಉತ್ತರ ಬಂದಿಲ್ಲ. ಮುಂದಿನ ವಾರ ನಾನೇ ಆ ಕಚೇರಿಗೆ ಹೋಗುತ್ತೇನೆ, ಬರುವಾಗ 26 ಆಂಪಿಯರ್-ಅವರ್ ಬ್ಯಾಟರಿ ತರುತ್ತೇನೆ.