ಮೊದಲ ಸೈ-ಫೈ ಶಾರ್ಟ್ ಫಿಲ್ಮ್ ಮಾಡೋರಿಗೆ: ವಿಎಫ್‌ಎಕ್ಸ್ ಆಮೇಲೆ, ಮೊದ್ಲು ಸೌಂಡ್

ನನ್ನ ಹೊಟ್ಟೆಪಾಡು ಎಡಿಟಿಂಗು. ಬೇರೆಯವರ ಫೂಟೇಜ್ ಕಟ್ ಮಾಡ್ತಾ ಮಾಡ್ತಾ ಈ ಸಲ ನಾನೇ ಡೈರೆಕ್ಟ್ ಮಾಡ್ದೆ. ಕಥೆ ಏನಂದ್ರೆ, ಇನ್ನೊಂದು ನೂರು ವರ್ಷದ ಮೇಲೆ ಒಬ್ಬ ನೀರುಗಂಟಿ, ಅವನು ವಾಲ್ವ್ ತಿರುಗಿಸಿದ್ರೆ ನೀರು ಬರಲ್ಲ, ನಾಳೆ ಊರಲ್ಲಿ ಜನ ಆಡೋ ಮಾತು ಪೈಪಲ್ಲಿ ಕೇಳ್ಸುತ್ತೆ. ಡೈಲಾಗ್ ಇಲ್ಲ ಅಂತಲೇ ಹೇಳ್ಬೋದು, ಅರ್ಧ ಸಿನಿಮಾ ಬರೀ ಸ್ಟಿಲ್ ಫೋಟೋ.

ಎಕ್ಸ್‌ಪೆರಿಮೆಂಟಲ್ ಅನ್ನೋದು ನೋಡೋರಿಗೆ, ಕ್ರ್ಯೂಗಲ್ಲ. ಅವರಿಗೆ ಎಲ್ಲಾ ಬಿಡಿಸಿ ಹೇಳ್ಬೇಕು. ನಾನು ಸ್ಕ್ರಿಪ್ಟ್ ಜೊತೆ ಒಂದು ಹಾಳೆ ಕೊಟ್ಟಿದ್ದೆ, ಅದ್ರಲ್ಲಿ ಈ ಲೋಕದ ರೂಲ್ಸ್ ಮಾತ್ರ: ಪೈಪು ನಾಳೇದು ಮಾತ್ರ ಹೇಳುತ್ತೆ, ದಿನಕ್ಕೆ ಒಂದೇ ಸಲ, ತಿರುಗಿ ಉತ್ತರ ಕೊಡೋಕಾಗಲ್ಲ. ಇದನ್ನ ಓದಿದ್ಮೇಲೆ ಆರ್ಟ್ ನೋಡ್ಕೊಳ್ತಿದ್ದ ಹುಡುಗಿ "ಅಣ್ಣಾ, ಹಂಗಾದ್ರೆ ಇವನ ಮನೇಲಿ ಕ್ಯಾಲೆಂಡರ್ ಯಾಕ್ ಬೇಕು?" ಅಂತ ಕೇಳಿ ಗೋಡೆ ಮೇಲಿದ್ದ ಕ್ಯಾಲೆಂಡರ್ ಕಿತ್ತುಹಾಕಿದ್ಲು, ಮೊಳೆ ಮಾತ್ರ ಬಿಟ್ಲು. ನಂಗೆ ಹೊಳೆದೇ ಇರ್ಲಿಲ್ಲ ಅದು. ಆ್ಯಕ್ಟರ್ ನಾಟಕದೋರು, ಹಿರಿಯರು. ಅವರಿಗೆ "ಸರ್, ಭವಿಷ್ಯ ಗಿವಿಷ್ಯ ತಲೇಲಿ ಇಟ್ಕೋಬೇಡಿ, ಇದು ನೀವು ದಿನಾ ಮಾಡೋ ಕೆಲಸ, ಸಂಬಳ ಬೇರೆ ಲೇಟಾಗಿದೆ" ಅಂದೆ ಅಷ್ಟೇ, ವಾಲ್ವ್ ತಿರುಗಿಸಿ ಆ ಕಡೆ ನೋಡ್ದೇನೇ ಟವಲ್‌ಗೆ ಕೈ ಒರೆಸ್ಕೊಂಡ್ರು. ಅದೊಂದರಲ್ಲೇ ಈ ಲೋಕ ನಂಬಂಗಾಯ್ತು.

ಸೆಟ್ ಹಾಕೋಷ್ಟು ದುಡ್ಡು ಎಲ್ಲಿಂದ ಬರ್ಬೇಕು. ಫ್ರೆಂಚ್ ಡೈರೆಕ್ಟರ್ ಗೊದಾರ್ 1965ರಲ್ಲಿ 'ಆಲ್ಫಾವಿಲ್' ಅನ್ನೋ ಸೈ-ಫೈ ಸಿನಿಮಾ ಮಾಡ್ದಾಗ ಭವಿಷ್ಯದ ಊರಿಗೆ ಅಂತ ಸೆಟ್ ಹಾಕ್ಲಿಲ್ಲ, ಆವತ್ತಿನ ಪ್ಯಾರಿಸ್ಸನ್ನೇ ತೋರಿಸಿದ್ರು. ನಮ್ಗೆ ಕೆಜಿಎಫ್‌ನ ಸೈನೈಡ್ ದಿಬ್ಬ ಇತ್ತು. 2001ರಲ್ಲಿ ಗಣಿ ಮುಚ್ಚಿದ್ರೂ ಅದಿರು ಅರೆದು ಚಿನ್ನ ತೆಗೆದು ಉಳಿದ ಪುಡಿಯ ಆ ಗುಡ್ಡಗಳು ಹಂಗೇ ಇವೆ, ಗಾಳಿ ಎದ್ರೆ ಆ ಪುಡಿ ಮೂಗಿಗೆ ಬಾಯಿಗೆಲ್ಲಾ ಹೋಗುತ್ತೆ, ಅದಕ್ಕೆ ಎಲ್ಲಾರಿಗೂ ಮಾಸ್ಕ್ ಕಂಪಲ್ಸರಿ ಮಾಡಿದ್ವಿ, ಕೊನೆಗೆ ಆ ಮಾಸ್ಕೇ ಕಾಸ್ಟ್ಯೂಮ್ ಆಯ್ತು. ಪರ್ಮಿಷನ್ ಇಲ್ದೆ ಮಾತ್ರ ಹೋಗ್ಬೇಡಿ.

ನಾಯಕನೂ ನಾಳೆಯ ನಾಯಕನೂ ಒಂದೇ ಫ್ರೇಮಲ್ಲಿ ಬರೋ ಶಾಟ್ ಒಂದಿತ್ತು. ಗ್ರೀನ್ ಸ್ಕ್ರೀನ್ ಬೇಡ ಅಂದ್ವಿ. ಟ್ರೈಪಾಡ್ ಲಾಕ್ ಮಾಡಿ, ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನ್ಯುಯಲ್‌ಗೆ ಇಟ್ಟು ಎಡಗಡೆ ಒಂದ್ಸಲ ಬಲಗಡೆ ಒಂದ್ಸಲ ಶೂಟ್ ಮಾಡಿ, ಖಾಲಿ ಫ್ರೇಮೂ ತಗೊಂಡು, ಎಡಿಟಿಂಗಲ್ಲಿ ಎರಡು ಟೇಕನ್ನೂ ಒಂದರ ಮೇಲೊಂದಿಟ್ಟು ಮಧ್ಯಕ್ಕೆ ಮಾಸ್ಕ್ (ಮೇಲಿನ ಟೇಕಿನ ಅರ್ಧ ಭಾಗ ಮರೆಮಾಡೋದು) ಎಳೆದ್ರೆ ಮುಗೀತು. ಇದನ್ನ ಒಳಗಡೆನೇ ಮಾಡಿ, ಹೊರಗೆ ಮೋಡ ಬಂತು ಅಂದ್ರೆ ಎರಡು ಟೇಕೂ ಮ್ಯಾಚ್ ಆಗಲ್ಲ. ಹಂಗೇ ಪಂಪ್‌ಹೌಸಲ್ಲಿ ಟ್ಯೂಬ್‌ಲೈಟ್ ಇದ್ರೆ ಶಟರ್ ಸ್ಪೀಡ್ 1/50 ಸೆಕೆಂಡ್ ಇಡಿ, ನಮ್ಮ ಕರೆಂಟ್ 50 ಹರ್ಟ್ಸ್ ತಾನೇ, ಇಲ್ದಿದ್ರೆ ಫ್ರೇಮಲ್ಲಿ ಪಟ್ಟೆಪಟ್ಟೆ ಓಡುತ್ತೆ. ಡಿಮ್ಮರ್ ಹಾಕಿರೋ ಚೀಪ್ ಎಲ್‌ಇಡಿ ಸ್ಟ್ರಿಪ್ ಇದ್ಕೂ ಬಗ್ಗಲ್ಲ, ಟೆಸ್ಟ್ ಮಾಡ್ದೇ ತಗೋಬೇಡಿ.

ಈಗ ಸೌಂಡು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಪೀಜೋ ಡಿಸ್ಕ್ ಅಂತ ಸಿಗುತ್ತೆ, ನಡುಕವನ್ನ ಕರೆಂಟ್ ಸಿಗ್ನಲ್ ಮಾಡೋ ಸಣ್ಣ ಬಿಲ್ಲೆ, ಪುಡಿಗಾಸು. ಅದಕ್ಕೆ ವಯರ್ ಬೆಸುಗೆ ಹಾಕಿ ಕಬ್ಬಿಣದ ಪೈಪಿಗೆ ಅಂಟಿಸಿದ್ರೆ ಕಾಂಟ್ಯಾಕ್ಟ್ ಮೈಕ್. ಗಾಳಿಲಿ ಬರೋ ಸದ್ದಲ್ಲ, ಪೈಪು ನಡುಗೋದೇ ರೆಕಾರ್ಡ್ ಆಗುತ್ತೆ. ಚಮಚದಲ್ಲಿ ಮೆಲ್ಲಗೆ ತಟ್ಟಿದ್ದನ್ನ ಅರ್ಧ ಸ್ಪೀಡಿಗೆ ಇಳಿಸಿದ್ರೆ ಪಿಚ್ ಒಂದು ಆಕ್ಟೇವ್ ಕೆಳಗೆ ಹೋಗುತ್ತೆ, ಇನ್ನೂ ಅರ್ಧ ಇಳಿಸಿದ್ರೆ ಭೂಮಿ ಒಳಗೆ ಯಾವ್ದೋ ದೊಡ್ಡ ಪ್ರಾಣಿ ಹೊರಳಾಡ್ದಂಗೆ. ವಿಎಫ್‌ಎಕ್ಸ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡನ್ನ ಶೂಟಿಂಗ್‌ಗೆ ಮುಂಚೇನೇ ಸೌಂಡ್ ಡಿಸೈನರ್‌ಗೆ ಕೊಟ್ಬಿಟ್ಟೆ, ಪ್ರೊಡ್ಯೂಸರ್ ಫ್ರೆಂಡು ವಾರಗಟ್ಟಲೆ ಮುಖ ಊದಿಸ್ಕೊಂಡಿದ್ದ. ಆದ್ರೆ ಆ ಸದ್ದು ಸೆಟ್ಟಲ್ಲಿ ಸ್ಪೀಕರಲ್ಲಿ ಬಂದಾಗ ನಮ್ಮ ಹಿರಿಯ ಆ್ಯಕ್ಟರ್ ಪೈಪಿಗೆ ಕಿವಿ ಕೊಟ್ಟ ರೀತಿ ಇದ್ಯಲ್ಲ, ಅದನ್ನ ಯಾವ ಗ್ರಾಫಿಕ್ಸೂ ಕೊಡಲ್ಲ. ಪ್ರತಿ ಲೊಕೇಶನಲ್ಲೂ ಎಲ್ಲಾರ ಬಾಯಿ ಮುಚ್ಚಿಸಿ ಅರ್ಧ ನಿಮಿಷ ರೂಮ್ ಟೋನ್, ಅಂದ್ರೆ ಆ ಜಾಗದ ಬರೀ ಮೌನದ ಸದ್ದು, ತಗೊಳ್ಳಿ, ಡೈಲಾಗ್ ಇಲ್ದಿರೋ ಸಿನಿಮಾಗೆ ಅದು ಇನ್ನೂ ಬೇಕು.

ಇನ್ನೊಂದು, ಹಾಲಲ್ಲಿ ಎದೆ ನಡುಗ್ಸೋ ಆ ಕೆಳಗಿನ ಸದ್ದು ಮೊಬೈಲ್ ಸ್ಪೀಕರಲ್ಲಿ ಕೇಳ್ಸೋದೇ ಇಲ್ಲ, ಮತ್ತೆ ನಮ್ ಶಾರ್ಟ್ ಫಿಲ್ಮನ್ನ ಜನ ನೋಡೋದೇ ಮೊಬೈಲಲ್ಲಿ. ಅದಕ್ಕೆ ಆನ್‌ಲೈನ್‌ಗೆ ಬೇರೆ ಸೌಂಡ್ ಮಿಕ್ಸ್ ಮಾಡಿಸಿ, ಅದ್ರಲ್ಲಿ ಆ ಟ್ರ್ಯಾಕಿಗೆ ಸ್ವಲ್ಪ ಡಿಸ್ಟಾರ್ಷನ್ (ಸದ್ದನ್ನ ಬೇಕಂತಲೇ ಸ್ವಲ್ಪ ಒಡೆಯೋದು) ಸೇರಿಸೋಕೆ ಹೇಳಿ, ಆ ಸದ್ದಿನದೇ ಮೇಲಿನ ಸ್ವರಗಳು, ಅಂದ್ರೆ ಹಾರ್ಮೋನಿಕ್ಸ್ ಬಂದು ಸಣ್ಣ ಸ್ಪೀಕರಲ್ಲೂ ಪೈಪು ಮಾತಾಡುತ್ತೆ. ಮಿಕ್ಸಿಂಗ್ ರೇಟ್ ಮಾತಾಡುವಾಗ್ಲೇ ಎರಡು ಮಿಕ್ಸ್ ಅಂತ ಹೇಳ್ಬಿಡಿ, ಆಮೇಲೆ ಕೇಳಿದ್ರೆ ಎಕ್ಸ್‌ಟ್ರಾ ಬಿಲ್ ಬರುತ್ತೆ.