ನಾರ್ವೆಯ ಜಲ್ಲಿ, ಬೆಂಗಳೂರಿನ ಮೆಟ್ಟಿಲು

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಮ್ಮ ಮನೆ ಮುಂದಿನ ಬಸ್ ರಸ್ತೆಯನ್ನು ಮೊನ್ನೆ ಕೆರೆದು ಹಾಕಿದರು. ಮಗ ಒಂದು ಡಾಂಬರು ಚೂರು ಎತ್ತಿ ಜೇಬಿಗೆ ಹಾಕಿಕೊಂಡ. ಪಕ್ಕದ ಮನೆ ಅಜ್ಜ ಡಾಂಬರು ಪ್ಲಾಂಟಿನಲ್ಲಿ ದುಡಿದು ರಿಟೈರ್ ಆದವರು. "ವಾಪಸ್ ಹಾಕು ಮರಿ, ಅದು ನಾರ್ವೆಯಿಂದ ಹಡಗು ಹತ್ತಿ ಬಂದಿದ್ದು" ಅಂದರು.

ತಮಾಷೆ ಅಂದುಕೊಂಡೆ. ಅಲ್ಲ. ಇಲ್ಲಿ ನೆಲವೆಲ್ಲ ಮರಳು, ಜೇಡಿ. ರಸ್ತೆಗೆ ಬೇಕಾದ ಗಟ್ಟಿ ಜಲ್ಲಿ ನಾರ್ವೆ, ಸ್ಕಾಟ್ಲೆಂಡ್ ಕಡೆಯಿಂದ ಬರಬೇಕು. ಕೆರೆದ ಡಾಂಬರನ್ನು ಯಾರು ಎಸೆಯುತ್ತಾರೆ ಹೇಳಿ? ಪುಡಿ ಮಾಡಿ, ಬೇರೆಯದೇ ಡ್ರಮ್ಮಿನಲ್ಲಿ ಹದವಾಗಿ ಬಿಸಿ ಮಾಡಿ, ಹೊಸ ಜಲ್ಲಿ ಜೊತೆ ಕಲಸುತ್ತಾರೆ. ವರ್ಷಗಟ್ಟಲೆ ಗಾಳಿ ಬಿಸಿಲಿಗೆ ಹಳೆ ಬಿಟುಮೆನ್, ಅಂದರೆ ಜಲ್ಲಿ ಹಿಡಿದಿಡುವ ಕಪ್ಪು ಅಂಟು, ಪೆಡಸಾಗಿರುತ್ತದೆ, ಅದಕ್ಕೇ ಮೆತ್ತನೆಯ ಹೊಸ ಬಿಟುಮೆನ್ ಸೇರಿಸುವುದು. ಕೆಳಪದರಗಳಲ್ಲಿ ಅರ್ಧದಷ್ಟು ಹಳೆ ಮಾಲೇ ಇರುವುದು ಇಲ್ಲಿ ಮಾಮೂಲು. ಹಾಗಂತ ಸಿಕ್ಕಿದ್ದೆಲ್ಲ ಹಾಕುವುದಿಲ್ಲ. ಕಲ್ಲಿದ್ದಲಿನ ಟಾರ್ ಇರುವ ಹಳೆ ಡಾಂಬರಿನಿಂದ ಕ್ಯಾನ್ಸರ್ ಭಯ, 2001ರಿಂದ ಮತ್ತೆ ಬಳಸುವಂತಿಲ್ಲ. ರಸ್ತೆ ಕೊರೆದು ತೆಗೆದ ತುಂಡಿಗೆ ಬಿಳಿ ಸ್ಪ್ರೇ ಹೊಡೆದು ನೋಡುತ್ತಾರೆ. ಹಳದಿಗೆ ತಿರುಗಿದರೆ ಅದು ಬೇರೆ ರಾಶಿಗೆ.

ನನಗೆ ಹೊಟ್ಟೆ ಉರಿದಿದ್ದು ಇದಕ್ಕಲ್ಲ. ಹಳೆಯದು ಕೆರೆದು ಹೊಸದು ಹಾಕಿದರೆ ರಸ್ತೆ ಇದ್ದ ಎತ್ತರದಲ್ಲೇ ಇರುತ್ತದಲ್ಲ, ಅದಕ್ಕೆ.

ಬೆಂಗಳೂರಿನ ನಮ್ಮ ಮನೆಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಸಂಜೆ ಅಮ್ಮ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಸೊಗಡು ಬೀದಿಯವರೆಗೆ. ಎಲೆಕ್ಷನ್ ಬಂದಾಗೆಲ್ಲ ಹಳೆ ಡಾಂಬರಿನ ಮೇಲೇ ಹೊಸದು ಬಿತ್ತು. ಈಗ ಗೇಟು ತೆಗೆದು ಕೆಳಗೆ ಇಳಿಯಬೇಕು. ಜೋರು ಮಳೆ ಬಂದರೆ ಅಮ್ಮ ಬಾಗಿಲ ಸಂದಿಗೆ ಗೋಣಿಚೀಲ ತುರುಕುತ್ತಾರೆ.

ನಮ್ಮಲ್ಲಿ ಗೊತ್ತಿಲ್ಲ ಅಂತಲ್ಲ. ಡಾಂಬರು ಮರುಬಳಕೆಗೆ ರಸ್ತೆ ಕೆಲಸದ ನಿಯಮ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 2015ರಲ್ಲೇ ಮಾರ್ಗಸೂಚಿ ತಂದಿದೆ, ಐಆರ್‌ಸಿ 120. ಕಲ್ಲಿಗೇನು ಬರ ಅನ್ನೋ ಧೈರ್ಯ ಇರಬೇಕು. ಆ ಕಲ್ಲೂ ಪುಕ್ಕಟೆ ಬರಲ್ಲ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಕ್ವಾರಿಯ ಜಿಲೆಟಿನ್ ಸಿಡಿದು 6 ಜನ ಸತ್ತರು. ಬೆಟ್ಟಕ್ಕೆ ಸಿಡಿಮದ್ದು ಇಟ್ಟು ತಂದ ಜಲ್ಲಿಯನ್ನು ನಾವು ಸುಮ್ನೆ ಒಂದರ ಮೇಲೊಂದು ಹೂಳುತ್ತಿದ್ದೇವೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರ ಚಿಂತೆಯೇ ಬೇರೆ. "ಹಿಂದಿನ ಬೀದೀಲಿ ಒಬ್ರು ಜಾಕಿ ಕೊಟ್ಟು ಮನೇನೇ ಮೇಲೆತ್ತಿಸಿದ್ರಂತೆ ಕಣೇ. ನಮ್ಮದಕ್ಕೂ ಎಷ್ಟಾಗುತ್ತೆ ಅಂತ ವಿಚಾರಿಸ್ಲಾ?"