ಅಕ್ಕಿ ಚೀಲದೊಳಗೆ ಐಸ್ ಆಕ್ಸ್

ಆಲೆಮನೆಯ ತೂಕದ ಯಂತ್ರದ ಮೇಲೆ ನನ್ನ ಬ್ಯಾಗು 21 ಕೆಜಿ 400 ಗ್ರಾಂ ತೋರಿಸಿತು. ವಿಮಾನದವರು ಬಿಡೋದು 15 ಕೆಜಿ. ಕೈಯಲ್ಲಿ ಒಯ್ಯೋಕೆ ಇನ್ನೊಂದು 7. ಅಪ್ಪ ಬ್ಯಾಗನ್ನು ಒಂದು ಸಲ ನೋಡಿ, ನನ್ನನ್ನು ಒಂದು ಸಲ ನೋಡಿ, "ಇಷ್ಟು ಹೊತ್ಕಂಡು ಬೆಟ್ಟ ಬೇರೆ ಹತ್ತೀಯೇನ್ಲಾ?" ಅಂದರು.

ಹೋದ ಆಗಸ್ಟಿನ ಮಾತಿದು. ಲಡಾಖ್‌ನ ಕಾಂಗ್ ಯಾತ್ಸೆ 2 ಹತ್ತೋಣ ಅಂತ ನಾವು ನಾಲ್ಕು ಜನ ಹೊರಟಿದ್ದೆವು. ಆರು ಸಾವಿರದ ಇನ್ನೂರು ಮೀಟರ್ ದಾಟಿದ ಶಿಖರ, ಮೇಲಿನ ಭಾಗವೆಲ್ಲ ಹಿಮ. ಉಳಿದ ಮೂವರು ಮೈಸೂರಿನವರು, ನಾನೊಬ್ಬ ಪಾಂಡವಪುರದ ಹತ್ತಿರದ ಹಳ್ಳಿಯವನು. ಕೆಲವು ವರ್ಷದ ಹಿಂದೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಬೇಸಿಕ್ ಕೋರ್ಸ್ ಮಾಡಿದ್ದೆ. ಆಗ ಸಾಮಾನೆಲ್ಲ ಅವರೇ ಕೊಟ್ಟಿದ್ದರು, ನಾನು ರೈಲಲ್ಲಿ ಒಂದು ಬ್ಯಾಗು ಹಿಡ್ಕೊಂಡು ಹೋಗಿ ಬಂದಿದ್ದೆ ಅಷ್ಟೇ. ಸ್ವಂತ ಸಾಮಾನು ಕಟ್ಕೊಂಡು ವಿಮಾನ ಹತ್ತೋದು ಇದೇ ಮೊದಲು. ಲೇಹ್‌ನಲ್ಲಿ ಎಲ್ಲ ಬಾಡಿಗೆಗೆ ಸಿಗುತ್ತೆ ಅಂತ ಗೆಳೆಯರು ಹೇಳಿದ್ದರು. ನಿಜ, ಸಿಗುತ್ತೆ. ಆದರೆ ಬೇರೆಯವರ ಕಾಲು ತುಂಬಿ ತುಂಬಿ ಸಡಿಲಾದ ಬೂಟು ಹಾಕ್ಕೊಂಡು ಇಳಿಜಾರಿನಲ್ಲಿ ನಿಲ್ಲೋದು ನನಗೆ ಬೇಡ. ಜೊತೆಗೆ, ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡಿದ್ದನ್ನ ಮನೇಲಿ ಬಿಟ್ಟು ಹೋಗೋಕೆ ಮನಸ್ಸು ಬರಬೇಕಲ್ವಾ.

ಬ್ಯಾಗು ಬಿಚ್ಚಿ ಎಲ್ಲವನ್ನೂ ಆಲೆಮನೆಯ ಚಪ್ಪರದ ಕೆಳಗೆ ಗೋಣಿತಾಟಿನ ಮೇಲೆ ಹರಡಿದೆ. ಬೆಲ್ಲ ಕಾಯಿಸುವವರೆಲ್ಲ ಬಂದು ಸುತ್ತ ನಿಂತರು. ಹಿಮಕ್ಕೆ ಊರಿ ಹತ್ತೋ ಐಸ್ ಆಕ್ಸ್ ನೋಡಿ "ಇದು ಪಿಕಾಸಿ ಮರಿ" ಅಂದ ಒಬ್ಬ. ಕ್ರ್ಯಾಂಪನ್ ಎತ್ತಿ ನೋಡಿ ಅಪ್ಪ, "ಇದ್ಯಾವ ಎತ್ತಿನ ಲಾಳ ಕಣ್ಲಾ?" ಅಂದರು. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳಿನ ಚೌಕಟ್ಟು ಅದು, ಒಂದೊಂದಕ್ಕೆ 12 ಮುಳ್ಳು, ಗಟ್ಟಿ ಹಿಮದಲ್ಲಿ ಜಾರದ ಹಾಗೆ ಕಚ್ಚಿಕೊಳ್ಳೋಕೆ. ಲಾಳ ಅನ್ನೋದಕ್ಕಿಂತ ಒಳ್ಳೆ ಕನ್ನಡ ಪದ ನನಗಂತೂ ಗೊತ್ತಿಲ್ಲ, ಆವತ್ತಿಂದ ನಾನೂ ಲಾಳ ಅಂತಲೇ ಕರೀತೀನಿ.

ನನ್ನ ತಲೆಯಲ್ಲಿ ಇದ್ದ ಭಯವೆಲ್ಲ ಈ ಎರಡರದ್ದೇ. ಕೊಡಲಿಯಂಥ ಒಂದು ಸಾಮಾನು, 24 ಉಕ್ಕಿನ ಮುಳ್ಳು. ಇವನ್ನ ಕೈಚೀಲದಲ್ಲಿ ಬಿಡೋ ಮಾತೇ ಇಲ್ಲ, ಲಗೇಜಿಗೆ ಹಾಕಬಹುದು ಅಂತ ನಿಯಮ ಓದಿದ್ದೆ. ಆದರೂ ಯಂತ್ರದ ಪರದೆ ಮೇಲೆ ಕಂಡಾಗ ಯಾರಾದರೂ ಪ್ರಶ್ನೆ ಕೇಳಿದರೆ, ಅಷ್ಟರಲ್ಲಿ ವಿಮಾನ ಹೊರಟುಹೋದರೆ, ಹೀಗೆ ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ. ಅದಕ್ಕೆ ಅಪ್ಪನಿಗೆ ಹೇಳಿದೆ, ಈ ಮುಳ್ಳು ಬೇರೆ ಬಟ್ಟೆ ಹರೀಬಾರದು, ಬ್ಯಾಗಿಗೆ ಕೈ ಹಾಕಿದವರಿಗೂ ಚುಚ್ಚಬಾರದು, ಏನಾದರೂ ಮಾಡಬೇಕು ಅಂತ. ಅಪ್ಪ ಏನೂ ಮಾತಾಡದೆ ತೋಟಕ್ಕೆ ಹೋಗಿ ಹಳೆ ಡ್ರಿಪ್ ಪೈಪಿನ ತುಂಡು ತಂದರು. ಕುಡುಗೋಲಲ್ಲಿ ಬೆರಳುದ್ದ ಬೆರಳುದ್ದ ಕತ್ತರಿಸಿ, ಒಂದೊಂದು ಮುಳ್ಳಿಗೂ ಒಂದೊಂದು ಟೊಪ್ಪಿ ಹಾಕಿದರು. ಐಸ್ ಆಕ್ಸಿನ ಮೂತಿಗೆ ಹಳೆ ಹವಾಯಿ ಚಪ್ಪಲಿ ತುಂಡು, ಮೇಲೆ ಸೈಕಲ್ ಟ್ಯೂಬು ಸುತ್ತಿ ಬಿಗಿದಿದ್ದಾಯ್ತು. ಅಂಗಡಿಯಲ್ಲಿ ಇದಕ್ಕೇ ಅಂತ ಮಾರುವ ರಬ್ಬರ್ ಕವಚ ಇದೆ. ಅಪ್ಪನ ಟೊಪ್ಪಿಯಷ್ಟು ಬಿಗಿ ಇರಲ್ಲ.

ಆಮೇಲೆ ತೂಕ ಇಳಿಸೋ ಕೆಲಸ. ಇಲ್ಲಿ ಒಂದು ವಿಷಯ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು. ಪರ್ವತದ ಸಾಮಾನಿನಲ್ಲಿ ದಪ್ಪಗೆ ಕಾಣೋದು ಹಗುರ, ಸಣ್ಣಗೆ ಕಾಣೋದು ಭಾರ. ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ಡೌನ್ ಜಾಕೆಟ್ ಕೋಳಿ ಮಂಕರಿಯಷ್ಟು ಜಾಗ ತಿನ್ನುತ್ತೆ, ತೂಕ ಮುಕ್ಕಾಲು ಕೆಜಿ ಇದ್ದರೆ ಹೆಚ್ಚು. ಮುಷ್ಟಿಯಲ್ಲಿ ಹಿಡಿಯೋ ಕ್ಯಾರಾಬಿನರ್‌ಗಳು, ಜುಮಾರ್, ಫಿಗರ್ ಆಫ್ ಎಯ್ಟ್, ಹೀಗೆ ಹಗ್ಗಕ್ಕೆ ಸಿಕ್ಕಿಸಿ ಹತ್ತಿ ಇಳಿಯೋ ಲೋಹದ ಕೊಂಡಿ, ಹಿಡಿಕೆಗಳನ್ನೆಲ್ಲ ಸೇರಿಸಿ ತೂಗಿದರೆ ಕೈ ಜಗ್ಗುತ್ತೆ. ಬೂಟು ಎರಡೂ ಸೇರಿ ಎರಡೂವರೆ ಕೆಜಿ ಹತ್ತಿರ. ಅದನ್ನ ಕಾಲಿಗೇ ಹಾಕ್ಕೊಂಡು ಹೋಗೋದು ಅಂತ ತೀರ್ಮಾನವಾಯ್ತು. ಕಾಲಲ್ಲಿ ಇರೋದನ್ನ ಯಾರೂ ತೂಗಲ್ಲ. ಇನ್ನೊಂದು ಲಾಭ, ಲಗೇಜು ದಿಲ್ಲಿಯಲ್ಲೇ ಉಳಿದುಹೋದರೂ ಅಳತೆಯ ಬೂಟು ನನ್ನ ಜೊತೆಗೇ ಇರುತ್ತೆ, ಮಿಕ್ಕಿದ್ದನ್ನ ಬಾಡಿಗೆಗೆ ತಗೋಬಹುದು. ಡೌನ್ ಜಾಕೆಟ್, ಮಂಜಿನ ಕನ್ನಡಕ, ಔಷಧಿ ಕೈಚೀಲಕ್ಕೆ. ಹೆಲ್ಮೆಟ್ ಅದರ ಹೊರಗೆ ನೇತಾಡಲಿ.

ಪವರ್ ಬ್ಯಾಂಕ್ ಮಾತ್ರ ಉಲ್ಟಾ. ಎಲ್ಲ ಚೂಪಾದದ್ದು ಲಗೇಜಿಗೆ ಹೋದರೆ, ಇದು ಲಗೇಜಿಗೆ ಹೋಗಲೇಬಾರದು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕೆಳಗಿನ ಲಗೇಜು ಕೋಣೆಯಲ್ಲಿ ನೋಡೋರು ಯಾರು? ಮೇಲೆ ಇದ್ದರೆ ಸಿಬ್ಬಂದಿ ಆರಿಸಬಹುದು. ಬ್ಯಾಟರಿಯಲ್ಲಿ ತುಂಬೋ ಶಕ್ತಿ 100 ವಾಟ್ ಅವರ್‌ವರೆಗೆ ತೊಂದರೆ ಇಲ್ಲ, ನನ್ನ 20,000 ಎಂಎಎಚ್‌ನದ್ದು ಆ ಲೆಕ್ಕದಲ್ಲಿ 74 ಬರುತ್ತೆ. ಸ್ಟೌವಿನ ಗ್ಯಾಸ್ ಡಬ್ಬಿಯನ್ನ ಎಲ್ಲೂ ಬಿಡಲ್ಲ, ಮೇಲೂ ಇಲ್ಲ ಕೆಳಗೂ ಇಲ್ಲ. ಅದನ್ನ ಲೇಹ್‌ನಲ್ಲೇ ಕೊಳ್ಳೋದು. ಜೀನ್ಸ್, ದಪ್ಪ ಟವೆಲ್, ಓದಲ್ಲ ಅಂತ ಗೊತ್ತಿದ್ದೂ ಇಟ್ಟಿದ್ದ ಪುಸ್ತಕ ಎಲ್ಲ ಹೊರಗೆ ಬಿದ್ದವು. ಅವ್ವ ಕಟ್ಟಿದ್ದ ನಿಪ್ಪಟ್ಟು, ಚಕ್ಕುಲಿ ಅರ್ಧಕ್ಕಿಳಿದವು. ಚಟ್ನಿಪುಡಿ ಮುಟ್ಟಲಿಲ್ಲ.

ಬ್ಯಾಗಿನ ಪಟ್ಟಿಗಳು ಏರ್‌ಪೋರ್ಟಿನ ಬೆಲ್ಟಿಗೆ ಸಿಕ್ಕಿ ಹರಿಯುತ್ತವೆ ಅಂತ ಅದನ್ನ ಇನ್ನೊಂದು ಚೀಲದೊಳಗೆ ಇಳಿಸಬೇಕಿತ್ತು. ಅಪ್ಪ ಗೊಬ್ಬರದ ಚೀಲ ತಂದರು. ಬೇಡ ಅಂದೆ. ಗೊಬ್ಬರದ ಧೂಳು ಅಂಟಿಕೊಂಡ ಸಾಮಾನನ್ನ ಸ್ಫೋಟಕ ಹುಡುಕೋ ಯಂತ್ರದ ಮುಂದೆ ಇಟ್ಟು ಆಮೇಲೆ ನಾನು ರೈತನ ಮಗ ಸಾರ್ ಅಂತ ವಿವರಿಸೋ ತಾಳ್ಮೆ ನನಗಿರಲಿಲ್ಲ. ಕೊನೆಗೆ 50 ಕೆಜಿಯ ಅಕ್ಕಿ ಚೀಲ ಸಿಕ್ಕಿತು. ಚೀಲವೂ ಸೇರಿ 14 ಕೆಜಿ 700 ಗ್ರಾಂ. ಅಪ್ಪ ದಬ್ಬಳದಲ್ಲಿ ಹುರಿ ಪೋಣಿಸಿ ಬಾಯಿ ಹೊಲಿಯೋಕೆ ಕೂತರು, ನಾನು ಸ್ನಾನಕ್ಕೆ ಹೋದೆ.

ಸಂಜೆ ಪಾಂಡವಪುರದಲ್ಲಿ ರೈಲು ಹತ್ತಿದೆ. ಕಾಲಲ್ಲಿ ಹಿಮದ ಬೂಟು, ತೊಡೆ ಮೇಲೆ ಹೆಲ್ಮೆಟ್, ಪಕ್ಕದಲ್ಲಿ ಅಕ್ಕಿ ಮೂಟೆ. ಮದ್ದೂರಿನಲ್ಲಿ ವಡೆ ಮಾರೋನು ವಡೆ ಕೊಟ್ಟು ಬೂಟು ನೋಡ್ತಾ ಚಿಲ್ಲರೆ ಕೊಡೋದೇ ಮರೆತ. ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ಸು. ಏರ್‌ಪೋರ್ಟ್ ತಲುಪೋ ಹೊತ್ತಿಗೆ ಕಾಲು ಬೆಂದ ಗೆಣಸಾಗಿತ್ತು.

ಕೌಂಟರಿನಲ್ಲಿ ಮೂಟೆ ಇಟ್ಟರೆ 15.6. ಎದೆ ಧಸಕ್ ಅಂತು. ಆಲೆಮನೆ ಯಂತ್ರ ಸುಳ್ಳು ಹೇಳುತ್ತಾ? ಅದರಲ್ಲಿ ತೂಗಿ ತಾನೇ ಅಪ್ಪ ಇಷ್ಟು ವರ್ಷ ಬೆಲ್ಲ ಮಾರಿದ್ದು! ಕೌಂಟರಿನ ಹುಡುಗಿ "ಇದರಲ್ಲಿ ಏನಿದೆ ಸರ್?" ಅಂದಳು. ಐಸ್ ಆಕ್ಸ್, ಕ್ರ್ಯಾಂಪನ್ ಅಂತ ನಾನೇ ಹೇಳಿದೆ. "ಪವರ್ ಬ್ಯಾಂಕ್ ಇಲ್ವಲ್ಲ?" ಅಂತ ಕೇಳಿ, 600 ಗ್ರಾಂ ಲೆಕ್ಕಕ್ಕೆ ಹಿಡಿಯದೆ ಕಳಿಸಿಬಿಟ್ಟಳು. ಇಷ್ಟೇನಾ ಅನಿಸಿತು.

ಹತ್ತು ನಿಮಿಷಕ್ಕೆ ನನ್ನ ಹೆಸರು ಕರೆದರು. ಆಕ್ಸಿನ ಕತೆ ಮುಗೀತು ಅಂದುಕೊಂಡು ಓಡಿದೆ, ಆ ಬೂಟಲ್ಲಿ ಓಡೋದು ಅಂದರೆ ಗದ್ದೆ ಕೆಸರಲ್ಲಿ ಓಡಿದ ಹಾಗೆ. ಮೂಟೆ ಮೇಜಿನ ಮೇಲಿತ್ತು. ಸಿಬ್ಬಂದಿ ಕನ್ನಡದಲ್ಲೇ ಕೇಳಿದರು.

"ಕೊಬ್ಬರಿ ಇಟ್ಟಿದ್ದೀರಾ?"

"ಇಲ್ಲ ಸರ್."

"ಇದೆ, ಬಿಚ್ಚಿ."

ಅಪ್ಪನ ಹೊಲಿಗೆ ಕತ್ತರಿಸಿದಾಗ ಮೇಲೇ ಒಂದು ಪೇಪರ್ ಪೊಟ್ಟಣ. ಒಳಗೆ ನಾಲ್ಕು ಗಿಟುಕು ಕೊಬ್ಬರಿ, ಎರಡು ಅಚ್ಚು ಬೆಲ್ಲ. ನಾನು ಸ್ನಾನಕ್ಕೆ ಹೋದಾಗ ಅವ್ವ ಮಾಡಿದ ಕೆಲಸ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳೋ ಸಾಮಾನಿನ ಪಟ್ಟಿಯಲ್ಲಿ ಅದು ಇದೆ, ಕೈಚೀಲದಲ್ಲೂ ಬಿಡಲ್ಲ ಅಂತ ಅವರು ಸಮಾಧಾನದಿಂದ ಹೇಳಿದರು. ಅದರ ಕೆಳಗೇ ಪೈಪಿನ ಟೊಪ್ಪಿ ಹಾಕ್ಕೊಂಡ 24 ಮುಳ್ಳು ಮಲಗಿದ್ದವು, ಅದರ ಬಗ್ಗೆ ಒಂದು ಮಾತಿಲ್ಲ. ಒಂದು ಗಿಟುಕನ್ನ ಅಲ್ಲೇ ನಿಂತು ಬೆಲ್ಲದ ಜೊತೆ ಕಚ್ಚಿ ತಿಂದೆ, ಉಳಿದ ಮೂರು ಗಿಟುಕು ಬುಟ್ಟಿಗೆ ಹೋದವು. ಚೀಲ ಮತ್ತೆ ಹೊಲಿಯೋಕೆ ದಬ್ಬಳ ಎಲ್ಲಿ ತರೋದು? ಒಳಗಿದ್ದ ಪ್ರುಸಿಕ್ ಹಗ್ಗ, ಅಂದರೆ ದೊಡ್ಡ ಹಗ್ಗಕ್ಕೆ ಗಂಟು ಹಾಕೋ ಸಣ್ಣ ಹಗ್ಗ, ಎಳೆದು ಬಾಯಿ ಬಿಗಿದೆ. ಪರ್ವತಕ್ಕೆ ಅಂತ ತಂದ ಸಾಮಾನಿನಲ್ಲಿ ಮೊದಲು ಉಪಯೋಗಕ್ಕೆ ಬಂದದ್ದು ಅದೇ.

ಬೆಳಿಗ್ಗೆ ದಿಲ್ಲಿಯಿಂದ ಲೇಹ್. 3,256 ಮೀಟರ್ ಎತ್ತರದ ಏರ್‌ಪೋರ್ಟು, ಇಳಿದು ನಾಲ್ಕು ಹೆಜ್ಜೆಗೆ ಉಸಿರು ಗೊತ್ತಾಗುತ್ತೆ. ಬೆಲ್ಟಿನ ಮೇಲೆ ಒಳ್ಳೊಳ್ಳೆ ಡಫಲ್ ಬ್ಯಾಗುಗಳ ನಡುವೆ ನಮ್ಮ ಅಕ್ಕಿ ಮೂಟೆ ಉರುಳಿಕೊಂಡು ಬಂತು. ಮೈಸೂರಿನ ಗೆಳೆಯರು ಸ್ವಲ್ಪ ದೂರ ಹೋಗಿ ನಿಂತರು. ರೂಮಿನಲ್ಲಿ ಬಿಚ್ಚಿ ಎಣಿಸಿದರೆ 23 ಟೊಪ್ಪಿ, ಒಂದು ಎಲ್ಲೋ ಬಿದ್ದು ಒಳಗಿನ ಬ್ಯಾಗಿಗೆ ಸಣ್ಣ ತೂತಾಗಿತ್ತು.

ಮಧ್ಯಾಹ್ನ ಮನೆಗೆ ಫೋನ್ ಮಾಡಿದೆ.

"ಕೊಬ್ರಿ ಬೆಲ್ಲ ಇಕ್ಕಿದ್ದೆ ಕಣಪ್ಪ, ತಿಂದ್ಯಾ?"

"ಬೆಲ್ಲ ಇನ್ನೂ ಐತೆ ಕಣವ್ವ" ಅಂದೆ.